ಮೂರು ಗಂಟೆಯಲ್ಲಿ ಉಗಾರ ಬುದ್ರುಕ

ಮಾನ್ಯ ರಜೆ ಮಂಜೂರಾತಿ ಅಧಿಕಾರಿಗಳೇ,

ತಾಯಿ ತೀರಿಕೊಂಡಾಗ ಊರಿಗೆ ಹೋದ ನಾನು ಮೂರು ಗಂಟೆಯ ಪ್ರಯಾಣಕ್ಕೆ ಎರಡು ದಿನ ತೆಗೆದುಕೊಂಡದ್ದೇಕೆ ಎಂದು ನೋಟಿಸು ಕೊಟ್ಟಿದ್ದೀರಿ. ವಿವರಣೆಯನ್ನು ನಾಲ್ಕು ಜನ ಓದುವ ಹಾಗೆ ಈ ಬಹಿರಂಗ ಪತ್ರದಲ್ಲೇ ಕೊಡುತ್ತೇನೆ.

ನಮ್ಮ ಕಚೇರಿಯಿರುವ ಗುವಾಹಟಿಯಿಂದ ಬೆಳಗಾವಿಗೆ ಆಕಾಶದಲ್ಲಿ ಎರಡು ಸಾವಿರದ ನೂರು ಕಿಲೋಮೀಟರ್, ಮೂರು ಗಂಟೆ. ನಿಮ್ಮ ಕಂಪ್ಯೂಟರ್ ಹಾಗೆನ್ನುತ್ತದೆ. ಆ ದಾರಿಯಲ್ಲಿ ವಿಮಾನವೇ ಇಲ್ಲ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ನಾನೇನು ಹದ್ದೇ, ನೆಟ್ಟಗೆ ಹಾರಿಹೋಗಲು? ಮಧ್ಯಾಹ್ನ ಸಿಕ್ಕ ವಿಮಾನದಲ್ಲಿ ಬೆಂಗಳೂರು, ಮರುದಿನ ಬೆಳಿಗ್ಗೆ ಬೆಳಗಾವಿ, ಆಮೇಲೆ ಚಿಕ್ಕೋಡಿ, ರಾಯಬಾಗದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ನಮ್ಮೂರು ಉಗಾರ ಬುದ್ರುಕ. ಇದು ನಿಮ್ಮ ಯಾವ ಪರದೆಯ ಮೇಲೆ ಕಾಣುತ್ತದೆ?

ನಿಮ್ಮ ತಪ್ಪು ನಿಮ್ಮ ಕಡತದಲ್ಲೇ ಉಳಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅಂದು ಬೆಳಿಗ್ಗೆ ಒಂಬತ್ತಕ್ಕೆ ಅವ್ವ ಹೋದಳು. ನನ್ನ ಫೋನು ಹತ್ತದೆ ತಮ್ಮ ಜಿನೇಂದ್ರ ಕಚೇರಿಗೆ ಮಾಡಿದ. ನೀವೂ ಕನ್ನಡದವರೇ, ಅಚ್ಚಗನ್ನಡದಲ್ಲಿ ಧೈರ್ಯ ಹೇಳಿದಿರಿ: "ಈಗಲೇ ಕಳಿಸ್ತೀನಿ. ಮೂರು ಗಂಟೆ ಅಷ್ಟೆ, ಮಧ್ಯಾಹ್ನಕ್ಕೆ ಅಲ್ಲಿರ್ತಾರೆ."

ನಾವು ಜೈನರು. ಜೀವ ಹೋದ ದೇಹದಲ್ಲಿ ಸೂಕ್ಷ್ಮ ಜೀವಿಗಳು ಹುಟ್ಟುತ್ತವೆ, ಇಟ್ಟುಕೊಂಡಷ್ಟೂ ಹಿಂಸೆ ಎಂದು ನಂಬಿದವರು. ನೀರನ್ನು ಸೋಸದೆ ಎಂದೂ ಕುಡಿಯದ ಹೆಂಗಸು ನಮ್ಮವ್ವ. ಭೀಮಗೊಂಡ ಕಾಕಾ "ಯಾರ ಸಲುವಾಗೂ ಇಡೂದು ಬ್ಯಾಡ" ಎಂದರಂತೆ. ತಮ್ಮ ಕೈಮುಗಿದನಂತೆ: "ಸಾಹೇಬ್ರ ಹೇಳ್ಯಾರ್ರಿ ಕಾಕಾ, ಮೂರ ತಾಸ ಅಷ್ಟ. ಅಣ್ಣ ಅವ್ವನ ಮಾರಿ ನೋಡ್ಲಿ."

ನೀವು ಕೊಟ್ಟ ಈ ಮಾತು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಕಾಯುವ ಪದ್ಧತಿ ಇಲ್ಲವಲ್ಲ, ನಾನು ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದುಕೊಂಡು ತಮ್ಮನಿಗೆ ಫೋನಿನಲ್ಲಿ "ಹೊಂಟೀನಿ" ಎಂದಷ್ಟೇ ಹೇಳಿ ವಿಮಾನ ಹತ್ತಿದ್ದೆ. ಸಂಜೆ ಫೋನು ಬಂತು.

"ಎಲ್ಲಿದ್ದಿ ಅಣ್ಣಾ? ಹೊತ್ತು ಮುಳಗಾಕತ್ತೈತಿ."

"ಬೆಂಗಳೂರಾಗ."

"ಅವ್ವನ್ನ ನಿನ್ನ ಸಲುವಾಗಿ ಇಟ್ಟೇವಿ. ಬೆಂಗಳೂರಾಗ ಏನ್ ಮಾಡಾಕತ್ತಿ?"

ನಾನು ಬಾಯಿ ತೆರೆಯುವುದರೊಳಗೆ ಫೋನು ಇಟ್ಟ. ಕತ್ತಲಾಗುವ ಮೊದಲು ಬೆಂಕಿ ಕೊಟ್ಟರು.

ನಾನು ಊರು ಮುಟ್ಟಿದಾಗ ಕಾಕಾ, ದೇಹವನ್ನು ಸಂಜೆಯವರೆಗೆ ಇಟ್ಟುಕೊಂಡದ್ದರ ಪ್ರಾಯಶ್ಚಿತ್ತಕ್ಕೆಂದು ಉಪವಾಸ ಕೂತಿದ್ದರು. "ಮೂರ ತಾಸಿನ ಹಾದಿಗೆ ಎರಡ ದಿವಸ ಮಾಡಿದೆಲ್ಲೋ" ಎಂದು ಮುಖ ತಿರುಗಿಸಿದರು. ಟಿಕೆಟು ತೋರಿಸಿದೆ. ಸಾಹೇಬರ ಮಾತಿನ ಮುಂದೆ ಟಿಕೆಟು ಯಾವ ಲೆಕ್ಕ? ನಾನು ನಡುವೆ ಇಳಿದು ಬೆಂಗಳೂರು ಸುತ್ತುತ್ತಿದ್ದೆ ಎಂದು ಮನೆಯವರೇ ನಂಬಿದ್ದಾರೆ. ತಮ್ಮ ಮಾತು ಬಿಟ್ಟಿದ್ದಾನೆ.

ಗೈರುಹಾಜರಿ ಬರೆದುಕೊಳ್ಳಿ, ಬೇಡವೆನ್ನುವುದಿಲ್ಲ. ನನ್ನ ಬೇಡಿಕೆ ಒಂದೇ. ಜಿನೇಂದ್ರನಿಗೆ ಫೋನು ಮಾಡಿ, "ನಾನು ಹೇಳಿದ್ದು ತಪ್ಪು, ನಿಮ್ಮಣ್ಣ ಬೇಕೆಂದು ಎಲ್ಲೂ ನಿಲ್ಲಲಿಲ್ಲ" ಎನ್ನಿ. ನಾನು ಹೇಳಿದರೆ ಅವನು ನಂಬುವುದಿಲ್ಲ.

ಇಂತಿ,
ಅವ್ವನ ಮುಖ ಕಾಣದೆ, ತಮ್ಮನಿಗೆ ಮುಖ ತೋರಿಸಲಾಗದೆ ಮರಳಿ ಕೆಲಸಕ್ಕೆ ಹಾಜರಾಗಿರುವ
ನೇಮಿನಾಥ