ಮನೆಯಲ್ಲಿ ಒಟ್ಟು ಎಷ್ಟು ಜನ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ 3, ಸೋಮವಾರ

ಪ್ರೀತಿಯ ಅರ್ಧ ಟಿಕೆಟ್ಟೇ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಕಂಪ್ಯೂಟರಿನ ಮುಂದೆ ಬಿಸ್ಕತ್ತು ತಿಂದು ದಿನ ತಳ್ಳುತ್ತೀಯೋ? ಇಪ್ಪತ್ನಾಲ್ಕು ವರ್ಷದವಳನ್ನು ಅರ್ಧ ಟಿಕೆಟ್ಟು ಎಂದು ಕರೆಯಬಾರದೆಂದು ನಿನ್ನಜ್ಜಿ ಗದರಿದಳು. ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು ಮೊಮ್ಮಗಳನ್ನು ಇನ್ನೇನೆಂದು ಕರೆಯಲಿ ಹೇಳು. ನಾನು ಗಟ್ಟಿಮುಟ್ಟಾಗಿದ್ದೇನೆ. ಅಜ್ಜಿಯ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಬಾಯಿಗೆ ಆ ತೊಂದರೆ ಏನೂ ಇಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ರಸ್ತೆಯ ಮೂಲೆಯಲ್ಲಿ ದೊಡ್ಡ ಅಂಗಡಿಯೊಂದು ಬರುತ್ತದಂತೆ. ಏನೇನು ಸಾಮಾನು ತರಿಸಬೇಕೆಂದು ತಿಳಿಯಲು ಮನೆಮನೆಗೂ ಸಮೀಕ್ಷೆಯವರನ್ನು ಕಳಿಸಿದ್ದಾರೆ. ನಮ್ಮ ಮನೆಗೆ ಬಂದವಳು ಐವತ್ತರ ಆಸುಪಾಸಿನ ಹೆಂಗಸು; ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೂವತ್ತೆಂಟು ಪ್ರಶ್ನೆಗಳ ಫಾರಂ. ವಯಸ್ಸು, ಕೆಲಸ, ಯಾವ ಸೋಪು, ವಾರಕ್ಕೆಷ್ಟು ಹಾಲು, ರಜೆಯ ದಿನ ಏನು ಮಾಡುತ್ತೀರಿ, ಎಲ್ಲ ಕೇಳಿದಳು. ಉತ್ತರ ನೋಡಿ ಮನೆಗಳನ್ನು ಗುಂಪು ಮಾಡುತ್ತಾರಂತೆ. ಕೈ ಬಿಗಿಹಿಡಿದ ಹಿರಿಯರು, ಮಕ್ಕಳಿರುವ ಅವಸರದ ಮನೆಗಳು, ಒಬ್ಬರೇ ಇರುವ ದುಡಿಯುವವರು, ಹೀಗೆ. ನೀನು ಅಷ್ಟು ದೂರ ಹೋಗಿ ಮಾಡುತ್ತಿರುವ ಕೆಲಸವೂ ಇದೇ ಎಂದು ಹೊಳೆದದ್ದೇ ತಡ, ನಾನು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತೆ. ಒಂದೊಂದು ಪ್ರಶ್ನೆಗೂ ಅವಳು ಸಾಕೆನ್ನುವಷ್ಟು ಉತ್ತರ ಕೊಟ್ಟೆ. ಅಜ್ಜಿ ಒಳಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದದ್ದು ಒಳ್ಳೆಯದೇ ಆಯಿತು.

ಕಳೆದ ವಾರ ಆ ಹೆಂಗಸು ಫೋನ್ ಮಾಡಿದಳು. "ಯಜಮಾನರೇ, ನಿಮ್ಮ ಮನೆ ಯಾವ ಗುಂಪಿಗೂ ಸೇರ್ತಾ ಇಲ್ಲ. ಮಂಡಿನೋವಿನ ಮುಲಾಮು, ಕಟ್ಟುಹಲ್ಲು ತೊಳೆಯೋ ಪುಡಿ, ವರ್ಷಕ್ಕೆರಡು ಜೊತೆ ಓಟದ ಬೂಟು, ಎಲ್ಲ ಒಂದೇ ಮನೇಲಿ ಹೇಗೆ? ನಾನು ಮನೆಗೇ ಹೋಗದೆ ಮರದ ಕೆಳಗೆ ಕೂತು ಫಾರಂ ತುಂಬಿದೀನಿ ಅಂತಾರೆ ನಮ್ಮ ಮೇಲಿನವರು," ಅಂದಳು. ಪಾಪ, ಅಳುವುದೊಂದು ಬಾಕಿ. ಅಜ್ಜಿಗೆ ಆಗ ಅನುಮಾನ ಬಂತು. ಎಷ್ಟು ಜನ ಅಂತ ಬರೆಸಿದಿರಿ ಎಂದು ಕೇಳಿದಳು. ಮೂರು ಅಂದೆ. ಅವಳು ಒಳಗೆ ಹೋಗಿ ಮಡಿಸಿಟ್ಟ ಬಟ್ಟೆಗಳನ್ನೇ ಮತ್ತೆ ಇಸ್ತ್ರಿ ಮಾಡತೊಡಗಿದಳು. ನಿನ್ನಜ್ಜಿ ಬೈಯದೆ ಇಸ್ತ್ರಿ ಹಿಡಿದರೆ ನಾನು ಹುಷಾರಾಗಿರಬೇಕು, ನಿನಗೆ ಗೊತ್ತಲ್ಲ.

ನಾನು ಬೇಕೆಂದು ಸುಳ್ಳು ಬರೆಸಲಿಲ್ಲ. ಬಸ್ಸಿನಲ್ಲಿ ತಲೆ ಎಣಿಸುವಾಗ ಖಾಲಿ ಸೀಟಿನ ಮೇಲೆ ಕರ್ಚೀಫು ಇದ್ದರೆ ಅದನ್ನೂ ಒಂದು ತಲೆ ಎಂದೇ ಎಣಿಸುತ್ತಿದ್ದೆ. ಆ ಮನುಷ್ಯ ನೀರು ಕುಡಿಯಲು ಕೆಳಗಿಳಿದಿರುತ್ತಾನೆ. ಅವನು ಹತ್ತುವವರೆಗೆ ಸೀಟಿ ಊದುವಂತಿಲ್ಲ. ಊಟದ ಮೇಜಿನ ಬಳಿ ನಿನ್ನ ಕುರ್ಚಿಯ ಬೆನ್ನಿಗೆ ನಿನ್ನ ಹಳದಿ ಟೋಪಿ ಇನ್ನೂ ನೇತಾಡುತ್ತಿದೆ. ಸಮೀಕ್ಷೆಯವಳು ಎಷ್ಟು ಜನ ಎಂದಾಗ ಕಣ್ಣು ಅಭ್ಯಾಸಬಲದಿಂದ ಅತ್ತ ಹೋಯಿತು, ಬಾಯಿ ಮೂರು ಅಂದಿತು. ಮೂರು ಅಂದ ಮೇಲೆ ಮೂರನೆಯವಳ ಬೂಟು, ಅವಳ ಶಾಂಪೂ, ಬೆಳಿಗ್ಗೆ ಅವಳು ಓಡುವ ನಾಲ್ಕು ಕಿಲೋಮೀಟರು, ಎಲ್ಲ ಹೇಳಲೇಬೇಕಾಯಿತು.

ಇನ್ನೊಂದು ಮಾತಿದೆ. ನಿನಗೆ ಕೆಲಸದ ಪತ್ರ ಬಂದ ಬೆಳಿಗ್ಗೆ, "ಮನುಷ್ಯರನ್ನ ಆಲೂಗಡ್ಡೆ ಥರ ಗಾತ್ರ ನೋಡಿ ಗುಡ್ಡೆ ಹಾಕೋದೂ ಒಂದು ಕೆಲಸಾನಾ?" ಅಂದುಬಿಟ್ಟೆ. ನೀನು ಚೀಲ ತೆಗೆದುಕೊಂಡು ಹೋದವಳು, ಫೋನ್ ಮಾಡಿದರೂ ಅಜ್ಜಿಯ ಜೊತೆ ಮಾತ್ರ ಮಾತಾಡುತ್ತೀಯ. ನನ್ನ ಕೈಗೆ ಬರುವ ಹೊತ್ತಿಗೆ ಅದು ಕಟ್ಟಾಗಿರುತ್ತದೆ. ಈಗ ಕೂತು ಯೋಚಿಸಿದರೆ, ನಾನು ಅಷ್ಟು ವರ್ಷ ಮಾಡಿದ್ದೂ ಅದನ್ನೇ. ಬಾಗಿಲಲ್ಲಿ ನಿಲ್ಲುವವರು, ಕಿಟಕಿಗೆ ಜಗಳವಾಡುವವರು, ಕೂತೊಡನೆ ಗೊರಕೆ ಹೊಡೆಯುವವರು, ಎಲ್ಲರನ್ನೂ ಮನಸ್ಸಿನಲ್ಲೇ ವಿಂಗಡಿಸಿದ್ದೆ. ಹತ್ತೂ ನಲವತ್ತರ ಬಸ್ಸಿನಲ್ಲಿ ಬರುವವರೆಲ್ಲ ಆಸ್ಪತ್ರೆಗೆ ಹೋಗುವ ಮುದುಕರು ಎಂದು ಡಿಪೋದಲ್ಲಿ ಹೇಳಿ ಹೇಳಿ, ನಿಲ್ದಾಣವನ್ನು ಆಸ್ಪತ್ರೆಯ ಗೇಟಿಗೇ ತರಿಸಿದವನು ನಾನು. ನಿನ್ನ ಕೆಲಸವನ್ನು ಹೀಯಾಳಿಸಿದ್ದು ನನ್ನ ತಪ್ಪು. ನೀನು ಮನೆ ಬಿಟ್ಟು ಹೋಗುತ್ತೀಯ ಎನ್ನುವ ಸಂಕಟಕ್ಕೆ ಬಾಯಿಗೆ ಬಂದದ್ದು ಅಂದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಸಮೀಕ್ಷೆಯವಳು 23ರ ಭಾನುವಾರ ಬೆಳಿಗ್ಗೆ ತನ್ನ ಮೇಲಿನವರನ್ನು ಕರೆದುಕೊಂಡೇ ಬರುತ್ತಾಳಂತೆ, ತಾಳೆ ನೋಡಲು. ಬರಲಿ ಬಿಡು. ಅಜ್ಜಿ ನಿನಗೆ ಕೈಚೀಲ ಹೆಣೆಯುತ್ತಿದ್ದಾಳೆ. ಬಣ್ಣ ಕೇಳಬೇಡ, ನೋಡಿದ ಮೇಲೆ ಚೆನ್ನಾಗಿದೆ ಅನ್ನು. ಆರೋಗ್ಯ ನೋಡಿಕೋ, ತಲೆ ಒರೆಸಿಕೊಳ್ಳದೆ ಹೊರಗೆ ಓಡಬೇಡ.

ನಮ್ಮಿಬ್ಬರ ತುಂಬು ಆಶೀರ್ವಾದ ನಿನ್ನ ಮೇಲಿರಲಿ.

ನಿನ್ನ
ಕಂಡಕ್ಟರ್ ಅಜ್ಜ

ತಾ.ಕ.: ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವರ ನಿಯಮವೇನೆಂದು ಸಮೀಕ್ಷೆಯವಳನ್ನು ಕೇಳಿದೆ. ಹಿಂದಿನ ಆರು ತಿಂಗಳಲ್ಲಿ ಒಂದು ರಾತ್ರಿಯಾದರೂ ಮನೆಯಲ್ಲಿ ಮಲಗಿದವರನ್ನು ಮನೆಯವರೆಂದು ಬರೆಯಬಹುದಂತೆ. ನೀನು ಹೋದದ್ದು ಸೆಪ್ಟೆಂಬರ್ 21ಕ್ಕೆ. ಅವರು ಬರುವ ಹೊತ್ತಿಗೆ ಆರು ತಿಂಗಳು ದಾಟಿರುತ್ತದೆ. 22ರ ಶನಿವಾರ ಒಂದು ರಾತ್ರಿ ಬಂದು ಮಲಗಿದರೆ ಸಾಕು, ಆ ಹೆಂಗಸಿನ ಕೆಲಸವೂ ಉಳಿಯುತ್ತದೆ. ಸಂಜೆಯ ಬಸ್ಸು ಆರೂ ಕಾಲಿಗೆ ಬರುತ್ತದೆ, ನಿಲ್ದಾಣದಲ್ಲಿ ನಾನಿರುತ್ತೇನೆ. ಮೂರನ್ನು ಹೊಡೆದು ಎರಡು ಮಾಡಲು ನನಗೆ ಕೈ ಬರುತ್ತಿಲ್ಲ ಮಗಾ.