ಒದ್ದಿದ್ದರೆ ಸಮ ಆಗುತ್ತಿತ್ತು

ಪ್ರೀತಿಯ ಜನೆಲ್ ಅತ್ತಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುತ್ತೇನೆ. ನೀವು ಅಣ್ಣನಿಂದ ವಿಚ್ಛೇದನ ಪಡೆದು ಓಮಾಹಾಗೆ ಹೋದರೂ ನಿಮ್ಮ ಕ್ರೀಡಾ ಪತ್ರಿಕೆ ಇನ್ನೂ ಇಲ್ಲಿ ಲಿಂಕನ್ ಊರಿನ ಅಣ್ಣನ ಮನೆಗೇ ಬರುತ್ತಿದೆ. ನಾನು ತಂದು ಓದುತ್ತೇನೆ. ಈಗೀಗ ಜಾಹೀರಾತೇ ಜಾಸ್ತಿ. ಅಣ್ಣ ಗೋಡೆಯಗಲದ ಟಿ.ವಿ. ತಂದಿದ್ದಾನೆ. ಊರೆಲ್ಲ ಹೊಗಳುವ ಹೊಸ ಧಾರಾವಾಹಿ ಹಾಕಿದರೆ ನನಗೆ ನಿದ್ದೆಯೇ ಬಂತು. ನಮ್ಮ ಅಮೆರಿಕನ್ ಫುಟ್‌ಬಾಲಿಗೆ ಮಾತ್ರ ಸೊಗಸಾಗಿದೆ, ಹುಲ್ಲಿನ ಎಸಳೂ ಕಾಣುತ್ತದೆ.

ಶನಿವಾರ ನಮ್ಮ ಕಾಲೇಜಿನ ಪಂದ್ಯವಿತ್ತು. ಮಾಂಸ, ಕಾಳು ಹಾಕಿದ ಚಿಲ್ಲಿ ಸಾರು, ದಾಲ್ಚಿನ್ನಿ ರೋಲು ಮಾಡಿದ್ದೆ. ಅಣ್ಣ ಮದುವೆಯಾಗಲಿರುವ ಬ್ರಿನ್ ಕೂಡ ಬಂದಿದ್ದಳು. ಕೊನೆಯ ನಿಮಿಷ, ನಾವು ಮೂರು ಅಂಕ ಹಿಂದೆ. ನಮ್ಮವರು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ತೆಗೆದುಕೊಳ್ಳದೆ, ಅಪ್ಪಿಕೊಂಡು ಆರು ಅಂಕದ ಗೆರೆಯತ್ತ ನುಗ್ಗಿದರು.

"ಒದ್ದಿದ್ರೆ ಸಮ ಆಗ್ತಿತ್ತಲ್ವಾ?" ಎಂದಳು ಬ್ರಿನ್.

"ಜನೆಲ್, ನೀನೇ ಹೇಳೇ" ಅಂದುಬಿಟ್ಟ ಅಣ್ಣ, ಹಳೇ ಅಭ್ಯಾಸಕ್ಕೆ. ಅವನ ಕಿವಿಯೆಲ್ಲ ಕೆಂಪಾಯಿತು.

ಬ್ರಿನ್ ಬಿದ್ದು ಬಿದ್ದು ನಕ್ಕಳು. "ಅವರನ್ನೇ ಕರೆಸು ಮಾರಾಯ, ನಿನಗಂತೂ ಹೇಳೋಕೆ ಬರಲ್ಲ!"

ಕೊನೆಗೆ ನಾನೇ ಹೇಳಿದೆ, ನೀವು ಹೇಳುತ್ತಿದ್ದ ಹಾಗೇ: "ಬರೀ ಸಮ ಮಾಡ್ಕೊಳ್ಳೋಕೆ ಯಾರಾದ್ರೂ ಇಷ್ಟು ದೂರ ಓಡಿ ಬರ್ತಾರೇನೇ?"

ಗೆದ್ದೆವು. ಮೂವರೂ ಕುಣಿದೆವು. ಬ್ರಿನ್ ಒಳ್ಳೆಯವಳು ಅತ್ತಿಗೆ, ನಿಮಗೂ ಹಿಡಿಸುತ್ತಿದ್ದಳು. ಪಾತ್ರೆ ತೊಳೆಯುವಾಗ ಮೆಲ್ಲಗೆ ಕೇಳಿದಳು, "ಅವರು ಈಗಲೂ ಪಂದ್ಯ ನೋಡ್ತಾರಾ?"

"ಒಂದೂ ಬಿಡಲ್ಲ" ಎಂದೆ, ಬೆಳಿಗ್ಗೆ ತಾನೇ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದವಳ ಹಾಗೆ.

ನಿಮ್ಮ ನಾದಿನಿ,
ಡಾರ್ಲಾ