ಕತ್ತರಿಸಿದ ಎರಡು ಸುಳ್ಳು

ಮಾರ್ಚ್ ೧೪, ಗುರುವಾರ

ಆರ್ಥರ್ ರಾಜನ ಸಿನಿಮಾದ ಸಂಕಲನ ಮುಗಿಸಿ ಅಕ್ಕನಿಗೆ ತೋರಿಸಿದೆ. ತೋರಿಸಬಾರದಿತ್ತು.

ಕಥೆಯಲ್ಲಿ, ಸಾಯುತ್ತಿರುವ ರಾಜ ತನ್ನ ಕತ್ತಿಯನ್ನು ಸರೋವರಕ್ಕೆ ಎಸೆದು ಬಾ ಎಂದು ಆಪ್ತನನ್ನು ಕಳಿಸುತ್ತಾನೆ. ಅವನು ಎರಡು ಸಲ ಕತ್ತಿಯನ್ನು ಬಚ್ಚಿಟ್ಟು ಬಂದು, ಎಸೆದೆ ಎನ್ನುತ್ತಾನೆ. ಮೂರನೇ ಸಲ ನಿಜವಾಗಿ ಎಸೆಯುತ್ತಾನೆ. ಆ ಎರಡೂ ಸುಳ್ಳನ್ನು ನಾನು ಕತ್ತರಿಸಿದ್ದೆ. ನಾಲ್ಕು ನಿಮಿಷ ಉಳಿಯಿತೆಂದು ನಿರ್ದೇಶಕರು ಬೆನ್ನು ತಟ್ಟಿದರು. ಹದಿನೆಂಟು ನಿಮಿಷದ ಯುದ್ಧದ ತಂಟೆಗೆ ಯಾರೂ ಹೋಗಲಿಲ್ಲ. ಈ ಕಥೆಯ ಸಿನಿಮಾ ಎಷ್ಟು ಬಂದರೂ ಹೀಗೇ, ಕತ್ತಿ ಫಳಫಳ ಹೊಳೆಯುತ್ತದೆ, ಹಿಡಿದವನ ಕೈ ನಡುಗುವುದೇ ಇಲ್ಲ.

"ಏನೋ ಇದು, ಹೇಳಿದ ತಕ್ಷಣ ಎಸೆದುಬಿಟ್ಟನಲ್ಲ? ರಾಜನ ಮೇಲೆ ಪ್ರೀತಿನೇ ಇರಲಿಲ್ವಾ?" ಎಂದಳು ಅಕ್ಕ.

"ಉದ್ದ ಆಗ್ತಿತ್ತು ಕಣಕ್ಕ" ಎಂದೆ.

ಅದು ನೆಪ. ಆ ಸುಳ್ಳುಗಳನ್ನು ದಿನವಿಡೀ ನೋಡುತ್ತ ಕೂರಲು ನನ್ನಿಂದಾಗಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪ, ಮಾತು ಬಿಟ್ಟಿದ್ದ ಚಿಕ್ಕಪ್ಪನನ್ನು ಕರೆದುಕೊಂಡು ಬಾ ಎಂದು ನನ್ನನ್ನು ಎರಡು ಸಲ ಕಳಿಸಿದ್ದರು. ಎರಡು ಸಲವೂ ಬೀದಿಯ ತಿರುವಿನಿಂದಲೇ ವಾಪಸು ಬಂದು, "ಮನೆಗೆ ಬೀಗ ಹಾಕಿತ್ತಪ್ಪ" ಎಂದೆ. ಅಕ್ಕನಿಗೆ ಇದು ಗೊತ್ತಿಲ್ಲ.

ನಾಳೆ ಆ ನಾಲ್ಕು ನಿಮಿಷವನ್ನು ಮತ್ತೆ ಸೇರಿಸುತ್ತೇನೆ. ರಾಜನಾದರೂ ಮೂರನೇ ಸಲ ಗದರಿ ಕೇಳುತ್ತಾನೆ. ಅಪ್ಪ ಕೇಳಲಿಲ್ಲ. ಬಾಗಿಲ ಕಡೆ ನೋಡುತ್ತಲೇ ಹೋಗಿಬಿಟ್ಟರು.